‘ನಡ ನಡ’: ಒಂದು ಮಲಯಾಳಂ ರಾಕ್ ಹಾಡನ್ನು ಕಾಸರಗೋಡಿನಿಂದ ಕೇಳುವುದು

ನಾನಿವತ್ತು ಮಾತಾಡುವುದು ಒಂದೇ ಹಾಡಿನ ಬಗ್ಗೆ. ತಿರುವನಂತಪುರದ ‘ಅವಿಯಲ್’ ಬ್ಯಾಂಡು ಹುಟ್ಟಿದ್ದು 2003ರಲ್ಲಿ. ಅದೇ ವರ್ಷ ಬಂದ ಅವರ ಮೊದಲ ಬಿಡಿ ಹಾಡು ‘ನಡ ನಡ’. ಎಂಟು ಹಾಡುಗಳ ಆಲ್ಬಮ್ ಬಂದದ್ದು 2008ರಲ್ಲಿ. ಅಲ್ಲಿವರೆಗೆ ಬ್ಯಾಂಡಿಗೆ ಗುರುತಾಗಿ ಇದ್ದದ್ದು ಮುಖ್ಯವಾಗಿ ಈ ಹಾಡು.

ಕೇರಳಕ್ಕೆ ರಾಕ್ ಆಗ ಹೊಸತೇನಲ್ಲ. ಕೊಚ್ಚಿಯಲ್ಲಿ ‘ಥರ್ಟೀನ್ ಎಡಿ’, ‘ಮದರ್‌ಜೇನ್’ ಇದ್ದವು, ಹಾಡಿದ್ದು ಇಂಗ್ಲಿಷಿನಲ್ಲಿ. ಅವಿಯಲ್ ಅದೇ ಗಿಟಾರು, ಡ್ರಮ್ಮುಗಳಿಗೆ ಮಲಯಾಳಂ ಕೊಟ್ಟಿತು. ಹೆಸರನ್ನೇ ನೋಡಿ: ನಾವು ಮದುವೆ ಊಟದಲ್ಲಿ ಬಡಿಸಿಕೊಳ್ಳುವ ಅವಿಲೇ ಅದು.

ಈ ಹಾಡಿನ ಕಸುವು ಎಲ್ಲಿದೆ? ಬರೀ ಸದ್ದಿನಲ್ಲಿ ಅಲ್ಲ ಅಂತ ನನ್ನ ವಾದ. ರೆಕ್ಸ್ ವಿಜಯನ್ ಅವರ ಗಿಟಾರು ಒಂದು ಚಿಕ್ಕ ತುಣುಕನ್ನು ಹಿಡಿದು ಮತ್ತೆ ಮತ್ತೆ ಹೊಡೆಯುತ್ತದೆ. ಅದರ ಮೇಲೆ ‘ನಡ’ ಎಂಬ ಮಾತು ಬೀಳುತ್ತದೆ: ಎರಡು ಲಘು, ಎರಡನೆಯದು ‘ಡ’ಕಾರ, ಬಾಯಲ್ಲೇ ಒಂದು ಪೆಟ್ಟು. ಅರ್ಥ ಹೇಳಿಕೊಡಬೇಕಾಗಿಲ್ಲ, ನಮ್ಮ ‘ನಡೆ’ಯೇ ಅದು. ಜನಪದ ಧಾಟಿಯನ್ನು ರಾಕಿಗೆ ಅಂಟಿಸಿದರೆ ಸಾಮಾನ್ಯವಾಗಿ ಎರಡೂ ಮೆತ್ತಗಾಗುತ್ತವೆ. ಇಲ್ಲಿ ಹಾಗಾಗಲಿಲ್ಲ, ಯಾಕೆಂದ್ರೆ ಭಾಷೆಯನ್ನು ಅಲಂಕಾರಕ್ಕೆ ತಂದಿಲ್ಲ, ತಾಳದ ಕೆಲಸಕ್ಕೆ ಹಚ್ಚಿದ್ದಾರೆ. ಮಿತಿಯೂ ಉಂಟು: ತಾಳ ಗೆದ್ದ ಕಡೆ ಉಳಿದ ಮಾತುಗಳು ಸದ್ದಿನೊಳಗೆ ಮುಳುಗುತ್ತವೆ. ಸಾಹಿತ್ಯ ಕೇಳಲಿಕ್ಕೆ ಕೂತವರಿಗೆ ಕೊರತೆ ಕಾಣಬಹುದು.

ಈಗ ನಮ್ಮ ವಿಷಯ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡ ನಮಗೆ ‘ಉಳಿಸಬೇಕಾದ’ ಭಾಷೆಯಾಯಿತು. ಆ ಹೋರಾಟಕ್ಕೆ ನಾನು ಋಣಿ. ಆದರೆ ನಾನು ಕಂಡ ವೇದಿಕೆಗಳಲ್ಲಿ ಕನ್ನಡ ಹಾಡು ಅಂದ್ರೆ ಪ್ರಾರ್ಥನೆ, ಭಾವಗೀತೆ, ರಾಜ್ಯೋತ್ಸವ. ಕುಣಿಯಲಿಕ್ಕೆ ಮಾತ್ರ ಮಲಯಾಳಂ, ತಮಿಳು, ಹಿಂದಿ. ಎದ್ದು ನಿಂತು ಹಾಡುವ ಭಾಷೆ ಒಂದು, ಕುಣಿಯುವ ಭಾಷೆ ಇನ್ನೊಂದು ಆದರೆ ಹದಿನೆಂಟರ ಹುಡುಗ ಯಾವುದನ್ನು ತನ್ನದು ಅಂತ ಆರಿಸಿಕೊಳ್ತಾನೆ?

‘ಅವರದು ರಾಜ್ಯದ ಭಾಷೆ, ಆಟವಾಡುವ ಧೈರ್ಯ ಅವರಿಗೆ ಉಂಟು’ ಅಂತ ನೀವು ಕೇಳಬಹುದು. ಅದು ಅರ್ಧ ನಿಜ. ರಾಕ್ ಅಂದರೆ ಇಂಗ್ಲಿಷ್ ಎಂಬ ನಂಬಿಕೆಯ ಎದುರು ಅವರಿಗೂ ಯಾವ ರಕ್ಷಣೆ ಇರಲಿಲ್ಲ. 2008ರಲ್ಲೇ ರಘು ದೀಕ್ಷಿತ್ ತಮ್ಮ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರನ್ನು ಗಿಟಾರಿಗೆ ತಂದರು. ಕನ್ನಡ ಆ ಭಾರ ಹೊರುತ್ತದೆ ಎಂಬುದು ರುಜುವಾತಾಗಿದೆ. ಆದರೆ ಅದು ಧಾರವಾಡದ ಕಡೆಯ ಮಾತು. ನಮ್ಮ ‘ಉಂಟು’, ‘ಮಾರಾಯ’ಗಳ ಕನ್ನಡ ಇನ್ನೂ ಆ ಮೈಕಿನ ಮುಂದೆ ನಿಲ್ಲಬೇಕಷ್ಟೆ.

ಗಟ್ಟಿ ಸದ್ದು ನಮಗೆ ಪರಕೀಯ ಅಂತ ದಯವಿಟ್ಟು ಹೇಳಬೇಡಿ. ಇದು ಕುಂಬಳೆಯ ಪಾರ್ತಿಸುಬ್ಬನ ನೆಲ. ಬಯಲಾಟದಲ್ಲಿ ನಡುರಾತ್ರಿ ಚೆಂಡೆ ಏರಿದಾಗ ನಿದ್ದೆ ತೂಗುವವರೂ ಎದ್ದು ಕೂರುತ್ತಾರೆ, ಅದೂ ಕನ್ನಡದ ಪದಕ್ಕೆ. ಆ ಪದವನ್ನು ಯಾರೂ ಕರ್ತವ್ಯ ಅಂತ ಕೇಳುವುದಿಲ್ಲ. ಚರ್ಚೆಯನ್ನು ಇಲ್ಲಿಂದ ಶುರು ಮಾಡೋಣ ಅಂತ ನನ್ನ ಕೋರಿಕೆ.