ಕೋಚ್ ಕುರ್ಚಿಯಲ್ಲಿ ಪ್ರಕಾಶ್ ಪಡುಕೋಣೆ

ಟೆನಿಸ್ ಬಲ್ಲವರಿಗೆ ಇವಾನ್ ಲೆಂಡ್ಲ್ ಕಥೆ ಗೊತ್ತಿರುತ್ತದೆ. ಎಂಟು ಗ್ರ್ಯಾಂಡ್‌ಸ್ಲಾಮ್ ಗೆದ್ದ ಲೆಂಡ್ಲ್‌ಗೆ ವಿಂಬಲ್ಡನ್ ಮಾತ್ರ ಕೊನೆಯವರೆಗೂ ದಕ್ಕಲಿಲ್ಲ. 1986 ಮತ್ತು 1987ರಲ್ಲಿ ಫೈನಲ್‌ವರೆಗೆ ಹೋಗಿ ಸೋತರು. ಮುಂದೆ ಆಂಡಿ ಮರ್ರೆಗೆ ಕೋಚ್ ಆದರು. 2013ರಲ್ಲಿ ಮರ್ರೆ ಅದೇ ಹುಲ್ಲಿನ ಅಂಕಣದಲ್ಲಿ ಕಪ್ ಎತ್ತಿದಾಗ ಲೆಂಡ್ಲ್ ಗ್ಯಾಲರಿಯಲ್ಲಿ ಕುಳಿತಿದ್ದರು. ಆದರೆ ಅಲ್ಲಿ ಮರ್ರೆ ಆಗಲೇ ತಯಾರಾದ ಆಟಗಾರ, ಹುಡುಕಿಕೊಂಡು ಬಂದು ಗುರುವನ್ನು ನೇಮಿಸಿಕೊಂಡಿದ್ದ. ನಮ್ಮ ಬ್ಯಾಡ್ಮಿಂಟನ್ ಚಾಂಪಿಯನ್ ಪ್ರಕಾಶ್ ಪಡುಕೋಣೆಯವರಿಗೆ ಆ ಅನುಕೂಲ ಇರಲಿಲ್ಲ. ಕೋಚ್ ಆಗಬೇಕೆಂದರೆ ಅವರು ಮೊದಲು ಜಾಗ ಹುಡುಕಬೇಕಿತ್ತು, ಹಣ ಕೊಡುವವರನ್ನು ಹಿಡಿಯಬೇಕಿತ್ತು, ಮಕ್ಕಳನ್ನು ಕೂಡಿಸಬೇಕಿತ್ತು. ಕಲಿಸುವುದು ಆಮೇಲಿನ ಮಾತು. ಈ ಎರಡನೆಯ ಇನಿಂಗ್ಸ್ ಅವರ ಮೊದಲನೆಯದಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಕೊರತೆ ಇಲ್ಲವೆಂದಲ್ಲ. ಕಾರವಾರದಲ್ಲಿ ಕುಳಿತು ನೋಡುವವರಿಗೆ ಆ ಕೊರತೆ ಬೆಂಗಳೂರಿನವರಿಗಿಂತ ಬೇಗ ಕಣ್ಣಿಗೆ ಬೀಳುತ್ತದೆ.

ಪಡುಕೋಣೆ ಎಂಬುದು ಕುಂದಾಪುರದ ಬಳಿಯ ಹಳ್ಳಿ. ಪ್ರಕಾಶ್ ಹುಟ್ಟಿದ್ದು 1955ರ ಜೂನ್ 10ರಂದು, ಬೆಂಗಳೂರಿನಲ್ಲಿ. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿ ಬಹುಕಾಲ ದುಡಿದವರು. ಮಲ್ಲೇಶ್ವರದಲ್ಲಿ ಕೆನರಾ ಕರಾವಳಿಯಿಂದ ಹೋಗಿ ನೆಲೆಸಿದವರು ಕಟ್ಟಿಕೊಂಡ ಕೆನರಾ ಯೂನಿಯನ್ ಇದೆಯಲ್ಲ, ಅದರ ಸಭಾಂಗಣವೇ ಹುಡುಗ ಪ್ರಕಾಶನ ಕೋರ್ಟ್. ಅದು ಮದುವೆ ಹಾಲ್ ಕೂಡ ಹೌದು. ಮದುವೆ ಇದ್ದ ದಿನ ಆಟವಿಲ್ಲ. ಶಾಲೆ ಬಿಟ್ಟ ಕೂಡಲೇ ಓಡಿ ಬಂದು, ಇವತ್ತು ಹಾಲ್ ಖಾಲಿ ಇದೆಯೇ ಎಂದು ಇಣುಕಿ ನೋಡುವುದು ನಿತ್ಯದ ಕೆಲಸವಾಗಿತ್ತು. 1962ರಲ್ಲಿ ರಾಜ್ಯ ಜೂನಿಯರ್ ಟೂರ್ನಿಯ ಮೊದಲ ಸುತ್ತಿನಲ್ಲೇ ಸೋತ ಏಳು ವರ್ಷದ ಬಾಲಕ ಎರಡು ವರ್ಷ ಬಿಟ್ಟು ಅದೇ ಪ್ರಶಸ್ತಿ ಗೆದ್ದ. ಮುಂದೆ ಸತತ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್, 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ. ಇವೆಲ್ಲ ದಾಖಲೆ ಪುಸ್ತಕದಲ್ಲಿ ಸಿಗುತ್ತವೆ, ಇಲ್ಲಿ ವಿವರಿಸುವುದಿಲ್ಲ.

1980ರ ಮಾರ್ಚ್ 23ರ ಆಲ್ ಇಂಗ್ಲೆಂಡ್ ಫೈನಲ್ ಮಾತ್ರ ವಿವರವಾಗಿ ನೋಡುವಂಥದ್ದು. ಎದುರಾಳಿ ಇಂಡೊನೇಷ್ಯದ ಲಿಮ್ ಸ್ವಿ ಕಿಂಗ್, ಹಿಂದಿನ ಎರಡೂ ವರ್ಷದ ಚಾಂಪಿಯನ್. ಗಾಳಿಯಲ್ಲಿ ಜಿಗಿದು ಹೊಡೆಯುವ ಅವರ ಸ್ಮ್ಯಾಷ್‌ಗೆ ಆಗಿನ ಆಟಗಾರರು ನಡುಗುತ್ತಿದ್ದರು. ಪ್ರಕಾಶ್ ಆ ಸ್ಮ್ಯಾಷನ್ನು ತಡೆಯುವ ಗೋಜಿಗೇ ಹೆಚ್ಚು ಹೋಗಲಿಲ್ಲ; ಹೊಡೆಯಲು ಬೇಕಾದ ಎತ್ತರ ಮತ್ತು ಹೊತ್ತು ಕಿಂಗ್‌ಗೆ ಸಿಗದಂತೆ ನೋಡಿಕೊಂಡರು. ಒಮ್ಮೆ ಹಿಂದಿನ ಗೆರೆಗೆ ಟಾಸ್, ಮರುಗಳಿಗೆ ಅದೇ ಕೈಬೀಸಿನಲ್ಲಿ ನೆಟ್ ಬುಡಕ್ಕೆ ಡ್ರಾಪ್, ನಡುವೆ ಪೂರಾ ಬಲ ಹಾಕದ ಅರ್ಧ ಸ್ಮ್ಯಾಷ್. ರ‍್ಯಾಕೆಟ್ ಷಟಲ್‌ಗೆ ತಾಗುವ ಕೊನೆಯ ಕ್ಷಣದವರೆಗೂ ಅದು ಯಾವ ಕಡೆಗೆಂದು ತಿಳಿಯುತ್ತಿರಲಿಲ್ಲ. ಸರ್ವ್ ಮಾಡಿದವನಿಗಷ್ಟೇ ಅಂಕ ಸಿಗುತ್ತಿದ್ದ ಹಳೆಯ 15 ಅಂಕಗಳ ಪದ್ಧತಿಯಲ್ಲಿ ತಾಳ್ಮೆಗೆ ಬೆಲೆ ಹೆಚ್ಚು. 15-3, 15-10ರಲ್ಲಿ ಪಂದ್ಯ ಮುಗಿಯಿತು. ಮರುವರ್ಷದ ಫೈನಲ್‌ನಲ್ಲಿ ಕಿಂಗ್ ಸೇಡು ತೀರಿಸಿಕೊಂಡರು. ಆದರೆ ಆ ವರ್ಷವೇ ಕ್ವಾಲಾಲಂಪುರದಲ್ಲಿ ಚೀನಾದ ಹಾನ್ ಜಿಯಾನ್ ಅವರನ್ನು ಸೋಲಿಸಿ ಪ್ರಕಾಶ್ ವಿಶ್ವಕಪ್ ಗೆದ್ದರು. 1983ರಲ್ಲಿ ಕೋಪನ್‌ಹೇಗನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ಬಂತು.

ಇಷ್ಟೆಲ್ಲ ಗೆದ್ದ ಆಟಗಾರನಿಗೆ ವ್ಯವಸ್ಥಿತ ತರಬೇತಿ ಎಂದರೇನೆಂಬುದು ಪೂರ್ತಿ ಅರ್ಥವಾದದ್ದು ಡೆನ್ಮಾರ್ಕ್‌ಗೆ ಹೋದ ಮೇಲೆ. ಆಲ್ ಇಂಗ್ಲೆಂಡ್ ಗೆದ್ದ ಬಳಿಕ ಅವರು ಅಲ್ಲಿನ ಕ್ಲಬ್ ಸೇರಿ ಮಾರ್ಟೆನ್ ಫ್ರಾಸ್ಟ್‌ರಂಥವರ ಜೊತೆ ದಿನವೂ ಆಡಿದರು. ಪ್ರತಿದಿನ ತೆರೆದಿರುವ ಹಾಲ್, ತನಗೆ ಸಮನಾದ ಜೊತೆಗಾರ, ಬದಿಯಲ್ಲಿ ನಿಂತು ಕಾಲಿನ ನಡೆಯನ್ನು ಗಮನಿಸುವ ಒಬ್ಬ ಹಿರಿಯ: ಈ ಮೂರೂ ಮಲ್ಲೇಶ್ವರದ ಹುಡುಗನಿಗೆ ಸಿಕ್ಕಿರಲಿಲ್ಲ. 1994ರಲ್ಲಿ ವಿಮಲ್ ಕುಮಾರ್ ಮತ್ತು ವಿವೇಕ್ ಕುಮಾರ್ ಜೊತೆ ಬೆಂಗಳೂರಿನಲ್ಲಿ ಅಕಾಡೆಮಿ ತೆರೆದಾಗ ಪ್ರಕಾಶ್ ಮಕ್ಕಳಿಗೆ ಕೊಟ್ಟದ್ದು ಈ ಮೂರನ್ನೇ. ಆರಂಭದಲ್ಲಿ ಬಿಪಿಎಲ್ ಕಂಪನಿ ಹಣ ಹಾಕಿತು. 1993ರಿಂದ 1996ರವರೆಗೆ ರಾಷ್ಟ್ರೀಯ ತಂಡದ ಕೋಚ್ ಕೂಡ ಅವರೇ. ಆದರೂ ರಾಷ್ಟ್ರೀಯ ಹುದ್ದೆಗಿಂತ ಅಕಾಡೆಮಿಯಿಂದಲೇ ಹೆಚ್ಚು ಫಲ ಬಂತು. ಶಿಬಿರ ನಾಲ್ಕು ವಾರಕ್ಕೆ ಮುಗಿಯುತ್ತದೆ, ಅಕಾಡೆಮಿ ಮರುದಿನ ಬೆಳಿಗ್ಗೆಯೂ ಬಾಗಿಲು ತೆಗೆಯುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಪ್ರಕಾಶರ ಹೆಸರು ಬೋರ್ಡಿನ ಮೇಲಿದ್ದರೂ ಬೆಳಗಿನಿಂದ ಸಂಜೆವರೆಗೆ ಕೋರ್ಟ್ ಪಕ್ಕದಲ್ಲಿ ನಿಂತು ಮಕ್ಕಳನ್ನು ತಿದ್ದಿದವರಲ್ಲಿ ವಿಮಲ್ ಕುಮಾರ್ ಪಾಲು ಬಹಳ ದೊಡ್ಡದು. ಸೈನಾ ನೆಹ್ವಾಲ್ ಹೈದರಾಬಾದ್ ಬಿಟ್ಟು 2014ರಲ್ಲಿ ಬೆಂಗಳೂರಿಗೆ ಬಂದು ಮುಂದಿನ ವರ್ಷ ವಿಶ್ವದ ಅಗ್ರಸ್ಥಾನಕ್ಕೇರಿದ್ದು ವಿಮಲ್ ಕೈಯಲ್ಲಿ. ಪ್ರಕಾಶರನ್ನು ಹೊಗಳುವ ಲೇಖನಗಳು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ತನ್ನ ಹೆಸರಿನ ಮನೆಯಲ್ಲಿ ಇನ್ನೊಬ್ಬ ಗುರು ಇಷ್ಟು ಸ್ವತಂತ್ರವಾಗಿ ಬೆಳೆಯಲು ಜಾಗ ಬಿಟ್ಟದ್ದು ಪ್ರಕಾಶರ ದೊಡ್ಡತನ ಎಂದೇ ನಾನು ತಿಳಿಯುತ್ತೇನೆ.

ಹೆಚ್ಚಿನ ಚಾಂಪಿಯನ್‌ಗಳು ಗುರುವಾಗಿ ಎಡವುವುದು ಶಿಷ್ಯನಲ್ಲಿ ತಮ್ಮದೇ ಪ್ರತಿಯನ್ನು ಹುಡುಕಲು ಹೊರಟಾಗ. ಪ್ರಕಾಶರ ಕೈಚಳಕ ಕಲಿಸಿ ಬರುವಂಥದ್ದಲ್ಲ. ಅದು ಅವರಿಗೂ ತಿಳಿದಿತ್ತು. ಅವರ ಬಳಿ ಕಲಿತವರನ್ನು ಸಾಲಾಗಿ ನಿಲ್ಲಿಸಿ ನೋಡಿ, ಒಬ್ಬರ ಆಟ ಇನ್ನೊಬ್ಬರಂತಿಲ್ಲ. ಮಂಡಿಯ ಗಾಯದಿಂದ ನೊಂದಿದ್ದ ಪುಲ್ಲೇಲ ಗೋಪಿಚಂದ್ ಆಕ್ರಮಣದ ಆಟಗಾರ. ಅವರೂ 2001ರಲ್ಲಿ ಚೀನಾದ ಚೆನ್ ಹಾಂಗ್ ಎದುರು 15-12, 15-6ರಿಂದ ಆಲ್ ಇಂಗ್ಲೆಂಡ್ ಗೆದ್ದರು. ಮುಂಬೈಯಿಂದ ಬಂದ ಅಪರ್ಣಾ ಪೋಪಟ್ ಒಂಬತ್ತು ರಾಷ್ಟ್ರೀಯ ಪ್ರಶಸ್ತಿ ಗೆದ್ದು ಗುರುವಿನ ದಾಖಲೆಗೆ ಸಮನಾಗಿ ನಿಂತರು. ಬೆಂಗಳೂರಿನ ಅನೂಪ್ ಶ್ರೀಧರ್ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಡಿ ಮುಂದೆ ತಾವೇ ಕೋಚ್ ಆದರು. ಅಲ್ಮೋರಾದಿಂದ ಚಿಕ್ಕ ಹುಡುಗನಾಗಿ ಬಂದ ಲಕ್ಷ್ಯ ಸೇನ್ ನೆಲಕ್ಕೆ ಬಿದ್ದು ಷಟಲ್ ಎತ್ತುವ ಛಲದ ಆಟಗಾರ, 2022ರ ಆಲ್ ಇಂಗ್ಲೆಂಡ್ ಫೈನಲ್ ಆಡಿದವರು, ಅದೇ ವರ್ಷ ಥಾಮಸ್ ಕಪ್ ಗೆದ್ದ ತಂಡದಲ್ಲಿದ್ದವರು. 2006ರಿಂದ ಪ್ರತಿ ರ‍್ಯಾಲಿಗೂ ಅಂಕ ಬರುವ 21ರ ಪದ್ಧತಿ ಬಂದು ವೇಗವೇ ಆಟದ ಜೀವಾಳವಾದಾಗಲೂ ಈ ಅಕಾಡೆಮಿ ಹಿಂದೆ ಬೀಳಲಿಲ್ಲ. ತಮ್ಮ ಕಾಲದ ಆಟವೇ ಸರಿಯಾದ ಆಟ ಎಂದು ಹಿರಿಯರು ಹಟ ಹಿಡಿದಿದ್ದರೆ ಇದು ಆಗುತ್ತಿರಲಿಲ್ಲ.

ಗೋಪಿಚಂದ್ ವಿಷಯ ಇನ್ನೂ ಸ್ವಾರಸ್ಯದ್ದು. ಕೋಚ್ ಆಗಿ ಅವರು ಗುರುವನ್ನು ಮೀರಿಸಿದರು. 2012ರ ಒಲಿಂಪಿಕ್ಸ್‌ನಲ್ಲಿ ಸೈನಾ ಕಂಚು, 2016ರಲ್ಲಿ ಸಿಂಧು ಬೆಳ್ಳಿ, ಎರಡೂ ಹೈದರಾಬಾದ್‌ನ ಅವರ ಅಕಾಡೆಮಿಯ ಕೈಂಕರ್ಯ. ಬೆಂಗಳೂರು ಅಕಾಡೆಮಿಯ ಲೆಕ್ಕಕ್ಕೆ ಒಲಿಂಪಿಕ್ ಪದಕ ಇಲ್ಲವೆಂದು ಕೆಲವರು ಮೂಗು ಮುರಿಯುತ್ತಾರೆ. ಶಿಷ್ಯನೊಬ್ಬ ತನ್ನದೇ ಪರಂಪರೆ ಕಟ್ಟಿದ್ದನ್ನು ಗುರುವಿನ ಲೆಕ್ಕದಿಂದ ಕಳೆಯುವುದು ಯಾವ ನ್ಯಾಯ? ಅದನ್ನು ಅಲ್ಲಿಗೇ ಕೂಡಿಸಬೇಕು.

ಆದರೆ ಪ್ಯಾರಿಸ್ ಒಲಿಂಪಿಕ್ಸ್ ವಿಷಯದಲ್ಲಿ ಪ್ರಕಾಶರ ಪರ ನಿಲ್ಲುವುದು ನನಗೆ ಕಷ್ಟ. ಬ್ಯಾಡ್ಮಿಂಟನ್‌ನಲ್ಲಿ ಕೋಚ್ ಅಂಕಣದ ತುದಿಯ ಕುರ್ಚಿಯಲ್ಲೇ ಕೂರುತ್ತಾರೆ. 11 ಅಂಕವಾದಾಗ ಸಿಗುವ ಒಂದು ನಿಮಿಷ, ಗೇಮ್‌ಗಳ ನಡುವಿನ ಎರಡು ನಿಮಿಷ, ಅಷ್ಟರಲ್ಲಿ ಹೇಳಬೇಕಾದ್ದನ್ನು ಹೇಳಬೇಕು. ಲಕ್ಷ್ಯ ಸೆಮಿಫೈನಲ್‌ನಲ್ಲಿ ವಿಕ್ಟರ್ ಆಕ್ಸೆಲ್ಸನ್ ಎದುರು ಮೊದಲ ಗೇಮ್‌ನಲ್ಲಿ 20-17ರಿಂದ, ಎರಡನೆಯದರಲ್ಲಿ 7-0ಯಿಂದ ಮುಂದಿದ್ದರು; ಎರಡನ್ನೂ ಕಳೆದುಕೊಂಡರು. 2024ರ ಆಗಸ್ಟ್ 5ರಂದು ಕಂಚಿನ ಪಂದ್ಯದಲ್ಲಿ ಮಲೇಷ್ಯದ ಲೀ ಜೀ ಜಿಯಾ ವಿರುದ್ಧ ಮೊದಲ ಗೇಮ್ 21-13ರಿಂದ ಗೆದ್ದು, ಮುಂದಿನ ಎರಡನ್ನು 16-21, 11-21ರಿಂದ ಸೋತರು. ಮೊಣಕೈಯಿಂದ ರಕ್ತ ಸುರಿಯುತ್ತಿತ್ತು, ಆಟ ನಿಲ್ಲಿಸಿ ಪಟ್ಟಿ ಕಟ್ಟಬೇಕಾಯಿತು. ಕುರ್ಚಿಯಲ್ಲಿದ್ದವರು ಪ್ರಕಾಶ್ ಮತ್ತು ವಿಮಲ್. ಪಂದ್ಯ ಮುಗಿದ ಸ್ವಲ್ಪ ಹೊತ್ತಿಗೆ ಪ್ರಕಾಶ್ ಪತ್ರಕರ್ತರ ಮುಂದೆ ಬಂದು, ಸರ್ಕಾರ ಮತ್ತು ಒಕ್ಕೂಟ ತಮ್ಮ ಕೈಲಾದದ್ದನ್ನೆಲ್ಲ ಮಾಡಿವೆ, ಇನ್ನು ಆಟಗಾರರು ಹೊಣೆ ಹೊರಬೇಕು ಎಂಬ ಅರ್ಥದಲ್ಲಿ ಮಾತಾಡಿದರು. ಗೆದ್ದಾಗ ಹೆಸರು ಹಂಚಿಕೊಳ್ಳಲು ಎಲ್ಲರೂ ಬರುತ್ತಾರೆ, ಸೋತಾಗ ಆಟಗಾರ ಮಾತ್ರವೇ ಏಕೆ, ಕೋಚ್‌ಗಳ ಹೊಣೆ ಏನು ಎಂದು ನಮ್ಮವರೇ ಆದ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಬಹಿರಂಗವಾಗಿ ಕೇಳಿದರು. ಪ್ರಕಾಶರ ಪರವಾಗಿ ಸುನಿಲ್ ಗಾವಸ್ಕರ್ ಬರೆದರು.

ಪ್ರಕಾಶರ ಮಾತಿನ ತಿರುಳು ಸುಳ್ಳಲ್ಲ. ಸೌಲಭ್ಯವೇ ಇಲ್ಲದ ಕಾಲದಲ್ಲಿ ಹಾಲ್ ಖಾಲಿಯಾಗಲು ಕಾದವರಿಗೆ, ಎಲ್ಲವೂ ಸಿಕ್ಕ ಮಕ್ಕಳು ಗೆಲ್ಲುವ ಪಂದ್ಯ ಬಿಟ್ಟುಕೊಟ್ಟರೆ ಸಂಕಟವಾಗುವುದು ಸಹಜ. ಆದರೂ ಅಂದು ಅವರು ಕೂತದ್ದು ಪ್ರೇಕ್ಷಕರ ಸಾಲಿನಲ್ಲಲ್ಲ. ಆ ಒಂದು ನಿಮಿಷ, ಎರಡು ನಿಮಿಷಗಳು ಅವರ ಕೈಯಲ್ಲಿದ್ದವು. ಮುನ್ನಡೆ ಕೈ ಜಾರುವಾಗ ಹೇಳಿದ್ದೇನು, ಅದು ಏಕೆ ಫಲಿಸಲಿಲ್ಲ ಎಂಬುದೂ ಆ ಮಾತಿನಲ್ಲಿ ಬಂದಿದ್ದರೆ ಅದರ ತೂಕವೇ ಬೇರೆಯಾಗಿರುತ್ತಿತ್ತು. ಪಂದ್ಯಗಳು ಮುಗಿಯುವವರೆಗೆ ಪ್ರಕಾಶ್ ಸರ್ ತನ್ನ ಫೋನ್ ತೆಗೆದಿಟ್ಟಿದ್ದರು ಎಂದು ಲಕ್ಷ್ಯ ಪ್ರಧಾನಿಯವರ ಬಳಿ ನಗುತ್ತಲೇ ಹೇಳಿದ್ದ. ಅಷ್ಟು ಹತ್ತಿರದಿಂದ ಕಾಯ್ದ ಹಿರಿಯ, ಸೋತ ಸಂಜೆಯಲ್ಲೂ ಅಷ್ಟೇ ಹತ್ತಿರ ನಿಲ್ಲಬೇಕಿತ್ತು.

ಇನ್ನು ನಮ್ಮ ಕಡೆಯ ಮಾತು. ಅಂಕೋಲಾದ ಜೈಹಿಂದ್ ಮೈದಾನದಲ್ಲೋ ಕಾರವಾರದ ಮಾಲಾದೇವಿ ಮೈದಾನದಲ್ಲೋ ಸಂಜೆ ಹೋಗಿ ನಿಂತರೆ ಹುಡುಗರಿಗೆ ಬರವಿಲ್ಲ. ಕ್ರಿಕೆಟ್, ವಾಲಿಬಾಲ್, ಕಬಡ್ಡಿ ಎಲ್ಲಕ್ಕೂ ಜನ ಸೇರುತ್ತಾರೆ. ಷಟಲ್ ಮಾತ್ರ ಬಯಲಿನ ಆಟವಾಗಿ ಉಳಿಯಲಾರದು. ಕಡಲ ಗಾಳಿಗೆ ಗರಿಯ ಷಟಲ್ ನಿಲ್ಲುವುದಿಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದಿಲ್ಲ. ಸೂರು ಬೇಕು, ಮರದ ಇಲ್ಲವೇ ಮ್ಯಾಟ್ ನೆಲ ಬೇಕು, ದಿನವೂ ಬರುವ ಕೋಚ್ ಬೇಕು. ಪ್ರತಿಭೆ ಕಂಡ ಮಗುವಿಗೆ ಈಗ ಇರುವ ಹಾದಿ ಬೆಂಗಳೂರಿನ ರಾತ್ರಿ ಬಸ್ಸು ಒಂದೇ. ಲಕ್ಷ್ಯನ ಮನೆಯವರು ಬೆಟ್ಟದ ಊರು ಬಿಟ್ಟು ಮಗನ ಹಿಂದೆ ಬೆಂಗಳೂರಿಗೇ ಬಂದರು. ಲಕ್ಷ್ಯನ ತಂದೆ ಸ್ವತಃ ಬ್ಯಾಡ್ಮಿಂಟನ್ ಕೋಚ್. ದೋಣಿಗೆ ಹೋಗುವವರ, ಗದ್ದೆ ಮಾಡುವವರ ಮನೆಯಲ್ಲಿ ಹತ್ತು ವರ್ಷದ ಮಗುವಿಗಾಗಿ ಸಂಸಾರ ಕಿತ್ತು ಹೋಗಲು ಆಗುತ್ತದೆಯೇ? ಮೂರು ದಶಕಗಳ ಈ ಪ್ರಯೋಗದ ದೊಡ್ಡ ಮಿತಿ ಇದೇ: ಗುರು ಇದ್ದಲ್ಲಿಗೆ ಮಗು ಬರಬೇಕು.

2025ರ ಜೂನ್‌ನಲ್ಲಿ, ಪ್ರಕಾಶರಿಗೆ 70 ತುಂಬಿದ ದಿನ, ಪಡುಕೋಣೆ ಸ್ಕೂಲ್ ಆಫ್ ಬ್ಯಾಡ್ಮಿಂಟನ್ ಹೆಸರಿನಲ್ಲಿ 18 ನಗರಗಳಲ್ಲಿ 75 ಕೇಂದ್ರಗಳಾಗಿವೆ, ಮೂರು ವರ್ಷದಲ್ಲಿ 250 ಆಗಲಿವೆ ಎಂಬ ಸುದ್ದಿ ಹೊರಬಿತ್ತು. ಪಟ್ಟಿಯಲ್ಲಿ ಮೈಸೂರಿನ ಹೆಸರೂ ಇದೆ. ಸಂತೋಷದ ಸಂಗತಿ, ಇಪ್ಪತ್ತು ವರ್ಷ ಮೊದಲೇ ಆಗಬೇಕಿದ್ದದ್ದು. ಆದರೆ ಶುಲ್ಕ ಕೊಡಬಲ್ಲ ನಗರಗಳ ಲೆಕ್ಕದಲ್ಲೇ ಇದು ಬೆಳೆದರೆ ತಾಲೂಕು ಕೇಂದ್ರದ ಸರದಿ ಯಾವಾಗ ಬರುತ್ತದೆಂದು ಹೇಳಲಾಗದು.

ನಮ್ಮ ಜಿಲ್ಲೆಯಲ್ಲಿ ಕಲಿಸುವವರ ಕಸುಬಿಗೆ ಕೊರತೆ ಇಲ್ಲ ಎಂಬುದಕ್ಕೆ ಕುಮಟಾದ ರಾಘವೇಂದ್ರ ಅಥವಾ ರಘು ಅವರೇ ಸಾಕ್ಷಿ. ಕ್ರಿಕೆಟ್ ಆಡುವ ಕನಸು ಕೈಯ ಗಾಯದಿಂದ ಮುರಿದಾಗ ಅವರು ಸೈಡ್‌ಆರ್ಮ್ ಎಂಬ ಸಾಧನ ಹಿಡಿದು ಚೆಂಡು ಎಸೆಯಲು ಕಲಿತರು, ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಭಾರತ ಕ್ರಿಕೆಟ್ ತಂಡದ ಬ್ಯಾಟರ್‌ಗಳಿಗೆ ವೇಗದ ಅಭ್ಯಾಸ ಕೊಡುತ್ತಿದ್ದಾರೆ. ವೇಗದ ಬೌಲಿಂಗ್ ಎದುರು ತಾನು ಸುಧಾರಿಸಿದ್ದು ರಘು ಅವರಿಂದ ಎಂದು ವಿರಾಟ್ ಕೊಹ್ಲಿ ಬಾಯಿಬಿಟ್ಟು ಹೇಳಿದ್ದಾರೆ. ಅಂತರರಾಷ್ಟ್ರೀಯ ಪಂದ್ಯ ಒಂದನ್ನೂ ಆಡದ ಮನುಷ್ಯ ಈ ಕೆಲಸ ಮಾಡಬಲ್ಲನೆಂದರೆ, ಕಾರವಾರ, ಅಂಕೋಲಾ, ಹೊನ್ನಾವರಗಳ ದೈಹಿಕ ಶಿಕ್ಷಕರಲ್ಲಿ ಆಸಕ್ತಿ ಇರುವ ಕೆಲವರನ್ನು ಆರಿಸಿ ಪ್ರಕಾಶ್ ಮತ್ತು ವಿಮಲ್ ಕೈಯಲ್ಲಿ ಆರು ತಿಂಗಳು ಬಿಟ್ಟರೆ ಏನಾದೀತು ಎಂದು ಯೋಚಿಸಬಹುದು. ಮಕ್ಕಳನ್ನು ತಯಾರು ಮಾಡುವುದನ್ನು ಪ್ರಕಾಶ್ ಮೂವತ್ತು ವರ್ಷ ಮಾಡಿ ತೋರಿಸಿದ್ದಾರೆ. ಮಕ್ಕಳನ್ನು ತಯಾರು ಮಾಡುವವರನ್ನು ಸಣ್ಣ ಊರುಗಳಿಗಾಗಿ ತಯಾರು ಮಾಡುವ ಕೆಲಸ ಇನ್ನೂ ಬಾಕಿ ಇದೆ, ಮತ್ತು ಅದಕ್ಕೆ ಅವರಿಗಿಂತ ಅರ್ಹರು ಈ ದೇಶದಲ್ಲಿ ನನಗೆ ಕಾಣುತ್ತಿಲ್ಲ.