ಇಂದಿರಾಬಾಯಿಯ ಸ್ವಾತಂತ್ರ್ಯ

ಸ್ವಾತಂತ್ರ್ಯವೆಂಬ ಶಬ್ದವನ್ನು ಈ ಕಾಲದಲ್ಲಿ ಉಚ್ಚರಿಸದವರಿಲ್ಲ. ಅದರ ಅರ್ಥವನ್ನು ವಿಚಾರಿಸುವವರು ಮಾತ್ರ ವಿರಳ. ಕೆಲವರು ಅದನ್ನು ಸ್ವೇಚ್ಛಾಚಾರವೆಂದು ನಿಂದಿಸುವರು. ಕೆಲವರು ಅದಕ್ಕೆ ಎಲ್ಲೆಯೇ ಇಲ್ಲವೆಂದು ಸಾಧಿಸುವರು. ಈ ವಿವಾದದಲ್ಲಿ ನಮ್ಮ ಜಿಲ್ಲೆಯ ಒಂದು ಹಳೆಯ ಗ್ರಂಥವು ಏನು ಹೇಳುವುದು, ಎಲ್ಲಿ ತಡವರಿಸುವುದು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ ಅಥವಾ ಸದ್ಧರ್ಮವಿಜಯವು’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಹಂಪನಕಟ್ಟೆಯಿಂದ ಬಲ್ಮಠದ ಏರನ್ನು ಹತ್ತಿದರೆ ಆ ಮುದ್ರಣಾಲಯದ ನೆಲೆ ಕಾಲ್ನಡಿಗೆಯ ದೂರವೇ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಇದನ್ನು ಎಣಿಸುವ ರೂಢಿಯಿದೆ. ಗ್ರಂಥಕರ್ತರು ಪೊಲೀಸು ಇಲಾಖೆಯಲ್ಲಿ ಅಧಿಕಾರಿಗಳಾಗಿದ್ದವರು. ಮನುಷ್ಯರ ಕಪಟವನ್ನು ಹತ್ತಿರದಿಂದ ಬಲ್ಲವರು.

ಕಥೆಯು ಸರಳವಾದುದು. ಎಳೆಯ ಪ್ರಾಯದಲ್ಲಿಯೇ ವಿಧವೆಯಾದ ಇಂದಿರೆಯನ್ನು ಅವಳ ತಂದೆ ಭೀಮರಾಯನೂ ತಾಯಿ ಅಂಬಾಬಾಯಿಯೂ ತಾವು ನಂಬಿದ ಡಾಂಭಿಕ ಸಂತಮಂಡಲಿಯ ಸೇವೆಗೆ ಒಪ್ಪಿಸಲೆಳಸುವರು. ಅವಳು ಒಪ್ಪದೆ ಮನೆಯನ್ನು ಬಿಟ್ಟು ಅಮೃತರಾಯನ ಆಶ್ರಯವನ್ನು ಸೇರಿ, ವಿದ್ಯೆಯನ್ನು ಕಲಿತು, ಕಡೆಗೆ ಭಾಸ್ಕರರಾಯನನ್ನು ವಿವಾಹವಾಗುವಳು.

ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದಿದವನಾದುದರಿಂದ ನನಗೆ ಇಲ್ಲಿ ಪಾಣಿನಿಯ ನೆನಪಾಗುತ್ತದೆ. ಕ್ರಿಯೆಯಲ್ಲಿ ಸ್ವತಂತ್ರನಾದವನಿಗೇ ಆತನು ಕರ್ತೃವೆಂಬ ಸಂಜ್ಞೆಯನ್ನು ಕೊಟ್ಟಿರುವನು. ಸ್ವತಂತ್ರನೆಂದರೆ ತಂತ್ರವಿಲ್ಲದವನಲ್ಲ, ತನ್ನ ತಂತ್ರಕ್ಕೆ ತಾನೇ ಅಧೀನನಾದವನು. ಕಥೆಯ ಪೂರ್ವಭಾಗದಲ್ಲಿ ಇಂದಿರೆ ಎಲ್ಲ ವಾಕ್ಯಗಳಲ್ಲಿಯೂ ಕರ್ಮಪದ. ಅವಳನ್ನು ಮದುವೆಮಾಡಿಕೊಟ್ಟರು, ಅವಳನ್ನು ಕಾದರು, ಅವಳನ್ನು ಒಪ್ಪಿಸಲೆಣಿಸಿದರು. ಹೊಸ್ತಿಲನ್ನು ದಾಟುವ ಕ್ಷಣದಲ್ಲಿ ಅವಳು ಕರ್ತೃವಾಗುತ್ತಾಳೆ. ಈ ಗ್ರಂಥದ ನಿಜವಾದ ಮಹಿಮೆಯು ಆ ಒಂದು ಹೆಜ್ಜೆಯಲ್ಲಿದೆ. ಕೊನೆಯ ವಿವಾಹಮಹೋತ್ಸವದಲ್ಲಿ ಅಲ್ಲ.

ಹಿಂದೂ ವಿಧವಾ ಪುನರ್ವಿವಾಹ ಶಾಸನವು 1856ರಲ್ಲಿಯೇ ಆಗಿತ್ತು. ಶಾಸನವಾಗಿ 43 ವರ್ಷಗಳು ಕಳೆದ ಮೇಲೆಯೂ ಇಂಥ ಕಥೆಯನ್ನು ಬರೆಯಬೇಕಾಯಿತು. ಸರಕಾರವು ಹಕ್ಕನ್ನು ಕೊಡಬಲ್ಲದು, ಬಾಗಿಲನ್ನು ತೆರೆಯಲಾರದು. ಅಮೃತರಾಯನ ಬಾಗಿಲು ಮುಚ್ಚಿದ್ದರೆ ಇಂದಿರೆಯ ಸ್ವಾತಂತ್ರ್ಯವು ಬೀದಿಯಲ್ಲಿಯೇ ಮುಗಿಯುತ್ತಿತ್ತೆಂಬುದನ್ನು ವೆಂಕಟರಾಯರು ಚೆನ್ನಾಗಿ ತಿಳಿದಿದ್ದರು.

ಇಷ್ಟನ್ನು ಮೆಚ್ಚಿದ ಬಳಿಕ ದೋಷವನ್ನೂ ಹೇಳಬೇಕು. ಗ್ರಂಥಕರ್ತರು ಇಂದಿರೆಯನ್ನು ಸರ್ವಗುಣಸಂಪನ್ನೆಯನ್ನಾಗಿಯೂ ಅವಳ ವಿರೋಧಿಗಳನ್ನು ಕೇವಲ ದುರ್ಜನರನ್ನಾಗಿಯೂ ಚಿತ್ರಿಸಿರುವರು. ಆದುದರಿಂದ ಅವಳ ಸ್ವಾತಂತ್ರ್ಯವು ಸದ್ಗುಣಕ್ಕೆ ದೊರೆತ ಬಹುಮಾನದಂತೆ ತೋರುತ್ತದೆ. ಇಂದಿರೆಯು ಸಾಮಾನ್ಯ ಹುಡುಗಿಯಾಗಿದ್ದರೆ? ಓದಿನಲ್ಲಿ ಮಂದಳೂ ಮಾತಿನಲ್ಲಿ ಒರಟಳೂ ಆಗಿದ್ದರೆ? ತಂದೆಯು ಡಾಂಭಿಕನಾಗದೆ, ಪ್ರೀತಿಯಿಂದಲೇ ಅವಳನ್ನು ಕಟ್ಟಿಹಾಕಿದ್ದರೆ? ಕಠಿಣವಾದ ಈ ಪ್ರಶ್ನೆಗಳನ್ನು ಕಾದಂಬರಿಯು ಎದುರಿಸುವುದಿಲ್ಲ.

ಇದು ಬರಿಯ ಕಾವ್ಯಮೀಮಾಂಸೆಯ ಮಾತಲ್ಲ. 2009ರ ಜನವರಿ 24ರಂದು ಇದೇ ನಗರದ ಪಾನಗೃಹವೊಂದಕ್ಕೆ ಗುಂಪೊಂದು ನುಗ್ಗಿ ಅಲ್ಲಿದ್ದ ತರುಣಿಯರ ಮೇಲೆ ಕೈಮಾಡಿತು. ಆಗ ಅನೇಕ ಸಭ್ಯರು, ಹೊಡೆದುದು ತಪ್ಪು, ಆದರೆ ಅವರು ಅಲ್ಲಿಗೆ ಏಕೆ ಹೋಗಬೇಕಾಗಿತ್ತು ಎಂದರು. ಆ ‘ಆದರೆ’ಯು ‘ಇಂದಿರಾಬಾಯಿ’ಯ ನ್ಯಾಯವೇ: ಸ್ವಾತಂತ್ರ್ಯಕ್ಕೆ ಮೊದಲು ಗುಣಪತ್ರವನ್ನು ತೋರಿಸು. ಮದ್ಯಪಾನವು ನನಗೆ ಸಮ್ಮತವಲ್ಲ. ನನ್ನ ಅಸಮ್ಮತಿಯಾದರೋ ಇನ್ನೊಬ್ಬರ ಮೈಮೇಲೆ ಅಧಿಕಾರವಾಗಲಾರದು.

ಹಾಗಾದರೆ ಎಲ್ಲೆ ಯಾವುದು? ಪರರಿಗೆ ಹಾನಿಯಾಗುವಲ್ಲಿ ಮಾತ್ರ ಸಮಾಜವು ವ್ಯಕ್ತಿಯನ್ನು ತಡೆಯಬಹುದೆಂದು ಆಂಗ್ಲ ತತ್ತ್ವಜ್ಞನಾದ ಮಿಲ್ಲನು 1859ರಲ್ಲಿ ಪ್ರತಿಪಾದಿಸಿದನು. ಹಾನಿಯೆಂದರೇನೆಂಬ ಚರ್ಚೆಯು ಇಂದಿಗೂ ಮುಗಿದಿಲ್ಲ. ನಾನು ನನ್ನ ವ್ಯಾಕರಣದಿಂದಲೇ ಹೇಳುವೆನು: ನನ್ನ ಕ್ರಿಯೆಯು ಇನ್ನೊಬ್ಬರನ್ನು ಅವರ ಸಮ್ಮತಿಯಿಲ್ಲದೆ ಕರ್ಮಸ್ಥಾನಕ್ಕೆ ನೂಕುವಲ್ಲಿಗೆ ನನ್ನ ಸ್ವಾತಂತ್ರ್ಯವು ಮುಗಿಯಿತು. ಕುಡಿದು ವಾಹನವನ್ನು ನಡೆಸುವವನು ಆ ಎಲ್ಲೆಯನ್ನು ಮೀರಿದನು. ಕುಡಿದವಳನ್ನು ಹೊಡೆದವನೂ ಮೀರಿದನು. ಇಂದಿರೆ ಮನೆ ಬಿಟ್ಟುದರಿಂದ ಭೀಮರಾಯನಿಗೆ ಅಪಮಾನವಾಗಿರಬಹುದು. ಅವನ ಕರ್ತೃತ್ವಕ್ಕೆ ಯಾವ ಕುಂದೂ ಬರಲಿಲ್ಲ. ಎಲ್ಲೆಯನ್ನು ಮೀರಿದವನು ತಂದೆಯೇ, ಮಗಳಲ್ಲ.

ಇದನ್ನು ಬರೆಯುವ ಅಧಿಕಾರವು ನನಗೆ ಪೂರ್ಣವಾಗಿಲ್ಲ. ನಾನು ಉಪಾಧ್ಯಾಯನಾಗಿದ್ದಾಗ ಹತ್ತನೆಯ ತರಗತಿಯನ್ನು ಮುಗಿಸಿದ ವಿದ್ಯಾರ್ಥಿನಿಯೊಬ್ಬಳು, ಮುಂದೆ ಓದಲು ತಂದೆಯವರಿಗೆ ಒಂದು ಮಾತು ಹೇಳಬೇಕೆಂದು ನನ್ನನ್ನು ಬೇಡಿಕೊಂಡಳು. ತಂದೆ ದುಷ್ಟರಲ್ಲ, ಮಗಳ ಮೇಲೆ ಪ್ರೀತಿಯುಳ್ಳವರು. ನಾನು ಪಿತೃವಾಕ್ಯಪರಿಪಾಲನೆಯ ಮಹಿಮೆಯನ್ನು ಉಪದೇಶಿಸಿ ಅವಳನ್ನು ಹಿಂದಕ್ಕೆ ಕಳುಹಿಸಿದೆನು. ಅವಳು ಓದಿನಲ್ಲಿ ಸಾಧಾರಣಳೆಂಬ ಎಣಿಕೆಯೂ ನನ್ನ ಮನಸ್ಸಿನಲ್ಲಿತ್ತು. ಅಂದು ನನ್ನ ಬಾಗಿಲು ಮುಚ್ಚಿತ್ತು.

ಅಪ್ಪಣ್ಣನೆಂಬವನೊಬ್ಬನು ಕಟ್ಟೆಯಲ್ಲಿ ಕುಳಿತು ದಾರಿಹೋಕರಿಗೆ ನೀರು ಕೊಡುತ್ತಿದ್ದುದರಿಂದ ಹಂಪನಕಟ್ಟೆಗೆ ಆ ಹೆಸರು ಬಂದಿತೆಂಬ ಐತಿಹ್ಯವಿದೆ. ಆತನು ಬಾಯಾರಿದವರ ಗುಣಶೀಲಗಳನ್ನು ವಿಚಾರಿಸಿ ನೀರು ಕೊಟ್ಟನೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ವೆಂಕಟರಾಯರ ಗ್ರಂಥವನ್ನು ತರುಣ ವಾಚಕರು ಅವಶ್ಯವಾಗಿ ಓದಬೇಕು. ಓದಿ ಮುಗಿಸಿದ ಮೇಲೆ, ಇಂದಿರೆಯಷ್ಟು ಗುಣವತಿಯಲ್ಲದವಳು ಬಂದು ಬಾಗಿಲು ತಟ್ಟಿದರೆ ತಾವು ತೆರೆಯುವೆವೋ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಬೇಕು.