ದೇವರು ಪ್ರತ್ಯಕ್ಷನಾಗದ ಭಕ್ತಿಚಿತ್ರಗಳು

ಬಾಗೂರಿನಲ್ಲಿ ಈಚೆಗೆ ಶಿವಾನುಭವ ಗೋಷ್ಠಿಯೊಂದು ಮುಗಿದ ಮೇಲೆ ಗೃಹಸ್ಥರೊಬ್ಬರು ಬಳಿಗೆ ಬಂದು, “ಬುದ್ಧಿ, ಮಕ್ಕಳು ಹಗಲೂ ರಾತ್ರಿ ಮೊಬೈಲ್‌ನಲ್ಲಿ ಸಿನಿಮಾ ನೋಡ್ತವೆ, ಬ್ಯಾಡ ಅಂದ್ರೆ ಕೇಳಲ್ಲ. ನೋಡೋದಾದ್ರೆ ಒಳ್ಳೇದನ್ನಾದ್ರೂ ನೋಡ್ಲಿ, ನಾಕು ಭಕ್ತಿಚಿತ್ರದ ಹೆಸರು ಬರ್ಕೊಡಿ” ಎಂದು ಕೇಳಿದರು. ನಾವು ಚಲನಚಿತ್ರಗಳನ್ನು ಅಕ್ಕರೆಯಿಂದ ನೋಡುವವರೆಂಬುದು ಭಕ್ತರಿಗೆ ಹೊಸ ಸಂಗತಿಯೇನಲ್ಲ. ಬರೆದುಕೊಟ್ಟೆವು. ಆದರೆ ಆ ಚೀಟಿಯಲ್ಲಿದ್ದ ಚಿತ್ರಗಳಲ್ಲಿ ದೇವರ ಕಥೆಯುಳ್ಳದ್ದು ಒಂದೇ ಒಂದು. ಓದಿದ ಆ ಹಿರಿಯರ ಮುಖದಲ್ಲಿ ಸಂದೇಹ ಮೂಡಿತು. ಇದೇ ಸಂದೇಹ ಪತ್ರಿಕೆಯ ಓದುಗರಲ್ಲಿ ಅನೇಕರಿಗೆ ಬರಬಹುದಾದ್ದರಿಂದ ನಮ್ಮ ಆಯ್ಕೆಯ ಕಾರಣಗಳನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಆ ಒಂದು ಚಿತ್ರವೆಂದರೆ ‘ಬೇಡರ ಕಣ್ಣಪ್ಪ’. ಗುಬ್ಬಿ ವೀರಣ್ಣನವರ ಸಂಸ್ಥೆಯ ನಿರ್ಮಾಣದಲ್ಲಿ, ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದಲ್ಲಿ 1954ರಲ್ಲಿ ತೆರೆ ಕಂಡ ಈ ಚಿತ್ರದಿಂದಲೇ ರಾಜಕುಮಾರ್ ನಾಯಕನಟರಾದರು. ನಾವು ಅದನ್ನು ಕಂಡುದು ಬಹಳ ತಡವಾಗಿ, ಬಾಲ್ಯದಲ್ಲಿ, ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ನೆಲದ ಮೇಲೆ ಕುಳಿತು. ಘಂಟಸಾಲರ ‘ನಮೋ ವೆಂಕಟೇಶ’ ಧ್ವನಿವರ್ಧಕದಲ್ಲಿ ಕೇಳಿಬಂದರೆ ಆಟ ಇನ್ನೇನು ಶುರುವಾಗುತ್ತದೆಂದು ಊರಿಗೆಲ್ಲ ಗೊತ್ತಾಗುತ್ತಿದ್ದ ಕಾಲವದು. ರೀಲು ಬದಲಾಯಿಸಲು ಆಟ ನಿಂತಾಗ ಹೆಂಗಸರು ಕಣ್ಣೊರೆಸಿಕೊಂಡು ಮುಂದಿನ ಅಳುವಿಗೆ ಸಿದ್ಧರಾಗುತ್ತಿದ್ದರು.

ಕಣ್ಣಪ್ಪನ ಕಥೆ ನಮಗೆ ಹೊಸದಲ್ಲ. ಹರಿಹರ ಮಹಾಕವಿ ರಗಳೆಯಲ್ಲಿ ಅದನ್ನು ಹಾಡಿದ್ದಾನೆ. ಮಠದ ಪಾಠಶಾಲೆಯಲ್ಲಿ ನಾವು ಅದನ್ನು ಓದಿದೆವು. ಮುಂದೆ ವಿಶ್ವವಿದ್ಯಾನಿಲಯದಲ್ಲಿ ಅದರ ಛಂದಸ್ಸನ್ನೂ ಮೂಲವನ್ನೂ ಚರ್ಚಿಸಿದೆವು. ಆದರೆ ಕಥೆಯ ಎದೆಬಡಿತ ಕೇಳಿಸಿದುದು ಟೆಂಟಿನಲ್ಲಿ. ಲಿಂಗದ ಒಂದು ಕಣ್ಣಿನಿಂದ ರಕ್ತ ಸುರಿಯುತ್ತದೆ. ಬೇಡನು ತನ್ನ ಕಣ್ಣನ್ನು ಕಿತ್ತು ಅಲ್ಲಿಡುತ್ತಾನೆ. ಎರಡನೆಯ ಕಣ್ಣೂ ಒಸರತೊಡಗುತ್ತದೆ. ತನಗುಳಿದ ಕಣ್ಣನ್ನೂ ಕಿತ್ತ ಮೇಲೆ ಲಿಂಗದ ಕಣ್ಣು ಎಲ್ಲಿದೆಯೆಂದು ಕಾಣುವುದು ಹೇಗೆ? ಅದಕ್ಕಾಗಿ ಅವನು ಗುರುತಿಗೆಂದು ತನ್ನ ಪಾದವನ್ನೇ ಲಿಂಗದ ಮೇಲೆ ಊರುತ್ತಾನೆ! ಆಗಮೋಕ್ತ ಪೂಜೆ ಮಾಡುವವನು ನೋಡಿದರೆ ಬೆಚ್ಚಿಬೀಳಬೇಕಾದ ಅಪಚಾರವಿದು. ಕಣ್ಣಪ್ಪನಿಗೆ ಅದು ಅಪಚಾರವೆಂಬ ಅರಿವೇ ಇಲ್ಲ. ವೈದ್ಯನು ಗಾಯದ ಮೇಲೆ ಬೆರಳಿಟ್ಟಂತೆ ಅವನು ಕಾಲಿಟ್ಟಿದ್ದಾನೆ. ಆಮೇಲೆ ಶಿವನು ಮೈದೋರುವುದು, ಹೂಮಳೆ, ಜಯಘೋಷ ಇವೆಲ್ಲ ಕಥೆಗೆ ಸಲ್ಲುವ ಮುಕ್ತಾಯಗಳು. ನಮಗೆ ಉಳಿದಿರುವುದು ಆ ಪಾದವೊಂದೇ.

ಇದೇ ಕಥೆ 1988ರಲ್ಲಿ ‘ಶಿವ ಮೆಚ್ಚಿದ ಕಣ್ಣಪ್ಪ’ನಾಗಿ ಬಂದಿತು, ಮಗ ಶಿವರಾಜಕುಮಾರ್ ಕಣ್ಣಪ್ಪನಾದರೆ, ತಂದೆ ರಾಜಕುಮಾರ್ ಶಿವನಾದರು. 2025ರಲ್ಲಿ ತೆಲುಗಿನವರು ಇದನ್ನೇ ನ್ಯೂಜಿಲೆಂಡಿನ ಕಾಡುಬೆಟ್ಟಗಳಲ್ಲಿ ಬಹಳ ವೆಚ್ಚದಿಂದ ಚಿತ್ರೀಕರಿಸಿದರು. ಬಣ್ಣ ಹೆಚ್ಚಿತು, ಬೆಟ್ಟ ಎತ್ತರವಾಯಿತು. ಕಪ್ಪು ಬಿಳುಪಿನ ಆ ಹಳೆಯ ಚಿತ್ರದ ಮುಗ್ಧತೆಯನ್ನು ಮಾತ್ರ ಯಾರೂ ಕೊಂಡು ತರಲಾಗಲಿಲ್ಲ.

ಉಳಿದ ಚಿತ್ರಗಳಿಗೆ ಬರೋಣ. ಅವುಗಳಲ್ಲಿ ಮೊದಲನೆಯದು ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನಾಧರಿಸಿದ ಈ ಚಿತ್ರ 1986ನೆಯ ಸಾಲಿನ ಸ್ವರ್ಣಕಮಲವನ್ನು ಪಡೆಯಿತು. ತಬರನ ಪಾತ್ರ ವಹಿಸಿದ ಚಾರುಹಾಸನ್ ಶ್ರೇಷ್ಠನಟರೆನಿಸಿದರು. ಸರಕಾರದ ಸೇವೆಯಲ್ಲಿ ಬಾಳು ಸವೆಸಿದ ಒಬ್ಬ ಜವಾನ. ರೋಗದಿಂದ ಕಾಲು ಕೊಳೆಯುತ್ತಿರುವ ಹೆಂಡತಿ. ಮೇಜಿನಿಂದ ಮೇಜಿಗೆ ಅಲೆಯುವ ಪಿಂಚಣಿಯ ಕಾಗದ. ಹಣ ಮಂಜೂರಾಗುವ ಹೊತ್ತಿಗೆ ಅದು ಯಾರಿಗಾಗಿ ಬೇಕಿತ್ತೋ ಆಕೆಯೇ ಇಲ್ಲ. ಇದರಲ್ಲಿ ಭಕ್ತಿಯೆಲ್ಲಿ ಬಂತೆಂದು ಕೇಳುವಿರಾ? ಕಾಯಕವೇ ಕೈಲಾಸವೆಂದು ನಾವು ವೇದಿಕೆಯ ಮೇಲೆ ಸಾರುತ್ತೇವೆ. ಕಾಯಕ ಮುಗಿಸಿದವನನ್ನು ಲೋಕ ಯಾವ ಬಾಗಿಲಲ್ಲಿ ನಿಲ್ಲಿಸುತ್ತದೆಂಬುದನ್ನು ಈ ಚಿತ್ರ ತೋರಿಸುತ್ತದೆ. ಬಾಗೂರು ಸೀಮೆಯವರಿಗಂತೂ ಇದು ಪರಸ್ಥಳದ ಕಥೆಯಾಗಿ ಕಾಣಲಾರದು. ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಒಯ್ಯುವ ಬಾಗೂರು–ನವಿಲೆ ಸುರಂಗ ಇವರ ಹೊಲಗಳ ಅಡಿಯಲ್ಲೇ ಹಾದುಹೋಗಿದೆ. ಕಾಗದ ಹಿಡಿದು ಪರಿಹಾರಕ್ಕೆ ಕಾಯುವುದೆಂದರೇನೆಂದು ಈ ಭಾಗದ ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ. ಚಾರುಹಾಸನ್ ತಮಿಳುನಾಡಿನವರು, ಆದರೂ ಕಚೇರಿಯ ಬಾಗಿಲಲ್ಲಿ ಅವರು ನಿಲ್ಲುವ ಭಂಗಿ ನಮ್ಮೂರಿನದೇ.

ನೆರೆಯ ಸಂತೇಶಿವರದವರಾದ ಎಸ್. ಎಲ್. ಭೈರಪ್ಪನವರನ್ನು ಇಲ್ಲಿ ಬಿಡಲಾಗದು. ಕಳೆದ 2025ರ ಸೆಪ್ಟೆಂಬರಿನಲ್ಲಿ ಅವರು ಅಗಲಿದಾಗ ಚನ್ನರಾಯಪಟ್ಟಣ ತಾಲೂಕು ತನ್ನ ಮನೆಯ ಹಿರಿಯನನ್ನೇ ಕಳೆದುಕೊಂಡಿತು. ಅವರ ‘ವಂಶವೃಕ್ಷ’ವನ್ನು ಗಿರೀಶ ಕಾರ್ನಾಡ ಮತ್ತು ಬಿ. ವಿ. ಕಾರಂತರು ಜೊತೆಗೂಡಿ ನಿರ್ದೇಶಿಸಿ 1971ನೆಯ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು. ವಂಶಶುದ್ಧಿಗೆ ತನ್ನ ಬಾಳನ್ನೇ ಮೀಸಲಿಟ್ಟ ಶ್ರೀನಿವಾಸ ಶ್ರೋತ್ರಿಗೆ ಕಡೆಗೆ ತನ್ನ ಹುಟ್ಟಿನ ನಿಜ ತಿಳಿಯುತ್ತದೆ. ಕುಲವನ್ನು ಕೇಳಬೇಡಿರೆಂದ ಪರಂಪರೆಗೆ ಸೇರಿದವರಾಗಿಯೂ ಸಂಬಂಧ ಬೆಳೆಸುವಾಗ ಒಳಪಂಗಡವನ್ನು ಮೊದಲು ವಿಚಾರಿಸುವ ನಮ್ಮ ಭಕ್ತರು ಈ ಚಿತ್ರವನ್ನು ಒಮ್ಮೆ ನೋಡುವುದು ಲೇಸು. ಅದೇ ಜೋಡಿ 1977ರಲ್ಲಿ ತೆಗೆದ ‘ತಬ್ಬಲಿಯು ನೀನಾದೆ ಮಗನೆ’ ನಮ್ಮ ಮನಸ್ಸಿಗೆ ಅಷ್ಟಾಗಿ ಹಿಡಿಸಲಿಲ್ಲ. ಕಾದಂಬರಿಯಲ್ಲಿ ಹಸುವಿನ ಮೈಬಿಸಿ ತಾಕುತ್ತದೆ. ಚಿತ್ರದಲ್ಲಿ ಹಸು ವಾದದ ವಸುವಾಗಿಬಿಟ್ಟಿದೆ.

ಚೀಟಿಯ ಕಡೆಯ ಹೆಸರು ‘ತಿಥಿ’. ಹಿರಿಯರು ಹುಬ್ಬೇರಿಸಿದುದು ಇದಕ್ಕೇ. ರಾಮ್ ರೆಡ್ಡಿ ಎಂಬ ತರುಣರು ನೆರೆಯ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಬಣ್ಣ ಹಚ್ಚಿ ಗೊತ್ತಿಲ್ಲದ ಹಳ್ಳಿಗರನ್ನೇ ಪಾತ್ರಧಾರಿಗಳನ್ನಾಗಿಸಿ ತೆಗೆದ ಈ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಗೌರವ ಪಡೆಯಿತು. ನೂರು ದಾಟಿದ ಸೆಂಚುರಿ ಗೌಡ ಸಾಯುತ್ತಾನೆ; ಮೊಮ್ಮಗ ತಮ್ಮಣ್ಣನಿಗೆ ಹೊಲ ಮಾರುವ ಆತುರ; ನಡುವಿನ ತಲೆಮಾರಿನ ಗಡ್ಡಪ್ಪ ಬೀಡಿ ಸೇದುತ್ತ, ಬ್ರಾಂಡಿ ಗುಟುಕರಿಸುತ್ತ ಬಯಲಲ್ಲಿ ಅಲೆಯುತ್ತಾನೆ. ಅವನಿಗೆ ಹೊಲ ಬೇಡ, ಮನೆ ಬೇಡ, ಅಪ್ಪನ ತಿಥಿಯ ಗೊಡವೆಯೂ ಬೇಡ. ಕುಡಿತವನ್ನು ನಾವು ಒಪ್ಪುವವರಲ್ಲ. ಮಠದ ಪತ್ರಿಕೆಯಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕುರಿಗಾಹಿಗಳ ನಡುವೆ ಬೆಂಕಿಯೆದುರು ಕುಳಿತು ಅವನು ತನ್ನ ಬಾಳಿನ ಹಳೆಯ ಗಾಯವನ್ನು ಬಿಚ್ಚಿಡುವ ದೃಶ್ಯವನ್ನು ಗಮನಿಸಿ. ದನಿಯಲ್ಲಿ ದೂರಿಲ್ಲ, ಅಳುವಿಲ್ಲ. ಸ್ಥಾವರ, ಜಂಗಮ ಎಂಬ ಮಾತುಗಳನ್ನು ಎಷ್ಟೋ ವರ್ಷ ಬೋಧಿಸಿದ ನಮಗೆ, ಒಂದೇ ಮನೆಯಲ್ಲಿ ಒಬ್ಬ ಭೂಮಿಗೆ ಅಂಟಿಕೊಂಡು ಒದ್ದಾಡುವುದನ್ನೂ ಇನ್ನೊಬ್ಬ ಕೈಬೀಸಿ ನಡೆದುಬಿಡುವುದನ್ನೂ ಕಂಡಾಗ ಪಾಠಕ್ಕೆ ಹೊಸ ಉದಾಹರಣೆ ದೊರೆತಂತಾಯಿತು.

ಹಾಗಾದರೆ ಶರಣರ ಚಿತ್ರಗಳೇಕೆ ಪಟ್ಟಿಯಲ್ಲಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಹೊನ್ನಪ್ಪ ಭಾಗವತರು ಬಸವಣ್ಣನವರಾಗಿ ನಟಿಸಿದ ‘ಜಗಜ್ಯೋತಿ ಬಸವೇಶ್ವರ’ 1959ರಲ್ಲಿ ಬಂದಿತು. ಮತ್ತೆ 1983ರಲ್ಲಿ ‘ಕ್ರಾಂತಿಯೋಗಿ ಬಸವಣ್ಣ’. ಎರಡರಲ್ಲಿಯೂ ಶ್ರದ್ಧೆಗೆ ಕೊರತೆಯಿಲ್ಲ. ಆದರೆ ಬಸವಣ್ಣನವರು ಅಲ್ಲಿ ಗೋಡೆಯ ಪಟದಿಂದ ಇಳಿದು ಬಂದವರಂತೆ ತೋರುತ್ತಾರೆಯೇ ಹೊರತು, ಹಸಿವು, ಸಂಕೋಚ, ಸಂಶಯಗಳುಳ್ಳ ಮನುಷ್ಯರಂತಲ್ಲ. ಟಿ. ಎಸ್. ನಾಗಾಭರಣರ ‘ಅಲ್ಲಮ’ದಲ್ಲಿ ಧನಂಜಯ ಅವರು ಮದ್ದಳೆಯ ಅಲ್ಲಮನನ್ನು ನೆಲದ ಮೇಲೆ ನಿಲ್ಲಿಸಲು ಶ್ರಮಿಸಿದ್ದಾರೆ, ಬಾಪು ಪದ್ಮನಾಭರ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿಯೂ ಸಂದಿತು. ಅಷ್ಟಾದರೂ ಮದ್ದಳೆ ಕೆಳಗಿಟ್ಟ ಮೇಲೆ ಅಲ್ಲಮ ಮತ್ತೆ ಪಟವೇರಿಬಿಡುತ್ತಾನೆ.

ಇದರ ಹೊಣೆಯನ್ನೆಲ್ಲ ನಿರ್ದೇಶಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ ನಾಟಕದ ಸುತ್ತ 1990ರ ದಶಕದಲ್ಲಿ ಎದ್ದ ಗದ್ದಲವನ್ನು ಹಿರಿಯ ಓದುಗರು ಮರೆತಿರಲಾರರು. ಶರಣರಿಗೆ ಮನುಷ್ಯಮುಖ ಕೊಡಹೊರಟವನಿಗೆ ಮೊದಲು ಎದುರಾಗುವವರು ಶರಣರ ಭಕ್ತರೇ. ಲಿಂಗದ ಮೇಲೆ ಕಾಲಿಟ್ಟ ಬೇಡನಿಗೆ ಕೈಮುಗಿಯುವ ನಾವು, ಬಸವಣ್ಣನವರು ತೆರೆಯ ಮೇಲೆ ಒಂದು ಗಳಿಗೆ ಕಳವಳಪಟ್ಟರೆ ಸಹಿಸುವುದಿಲ್ಲ. ಅಂಜಿದ ಕಲಾವಿದನಿಂದ ಹಾರ, ಧೂಪ, ಗಂಟೆಗಳಲ್ಲದೆ ಬೇರೇನು ನಿರೀಕ್ಷಿಸಲಾದೀತು?

ಕಲ್ಯಾಣದ ಅರಮನೆಯ ಸೆಟ್ಟು, ಸಾವಿರ ಕುದುರೆಗಳು ಬೇಕೇ ಬೇಕೆಂದೇನಿಲ್ಲ. ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಗಳ ಗುಡಿಸಲೊಂದು ಸಾಕು. ಎಂದಿಗಿಂತ ಹೆಚ್ಚಾಗಿ ಅಕ್ಕಿ ಆಯ್ದು ತಂದ ಗಂಡ, ಅದನ್ನು ಕಂಡ ಕೂಡಲೆ ಹೆಚ್ಚಾದುದನ್ನು ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿಸುವ ಹೆಂಡತಿ. ಒಂದು ಮೊರ, ಒಂದು ಒಲೆ, ಇಬ್ಬರ ನಡುವಿನ ಮೌನ. ಹೆಂಡತಿಯ ಮಾತಿಗೆ ಮಾರಯ್ಯ ಮೊದಲು ಮುನಿದನೇ, ನಾಚಿದನೇ, ದಾರಿಯಲ್ಲಿ ಎಷ್ಟು ಸಲ ನಿಂತನು? ಅದನ್ನು ತೋರಿಸಬಲ್ಲ ನಿರ್ದೇಶಕರು ಕನ್ನಡದಲ್ಲಿದ್ದಾರೆ. ಯಾರಾದರೂ ಅಂಥದೊಂದು ಚಿತ್ರ ತೆಗೆದರೆ, ಜಾತ್ರೆಯ ರಾತ್ರಿ ಮಠದ ಅಂಗಳದಲ್ಲಿ ಪರದೆ ಕಟ್ಟಿಸುವ ಖರ್ಚು ನಮ್ಮದು. ನೆಲದ ಮೇಲೆ ಕುಳಿತು ನೋಡಲು ಬಾಗೂರಿನವರೆಲ್ಲರೂ ಬರಬೇಕು.